ಟ್ರಿಪ್ಪಿನ ದಿನದ ಗಂಟು

ನಾನು ಈಗಿರುವ ಊರಿನಲ್ಲಿ ಗಂಟು ಹಾಕಿದರೆ ಹಾಕಿದ್ದೇ. ಎಮ್ಮೆಯನ್ನು ಗೂಟಕ್ಕೆ ಕಟ್ಟಿದರೆ ಬೆಳಗಾಗುವವರೆಗೂ ಅಲ್ಲೇ ಮೆಲುಕು ಹಾಕುತ್ತ ನಿಂತಿರುತ್ತದೆ. ಸಂತೆಯಿಂದ ತಂದ ಮೂಟೆಯ ಬಾಯಿ ನಾವಾಗಿ ಬಿಚ್ಚುವವರೆಗೂ ಬಿಚ್ಚುವುದಿಲ್ಲ. ನನ್ನ ಗಂಡ ಮದುವೆಯ ದಿನ ಒಂದು ಸಲ ತಾಳಿ ಕಟ್ಟಿದರು, ಅಷ್ಟೇ. ಆಮೇಲೆ ಆ ಕಡೆ ತಿರುಗಿಯೂ ನೋಡಿಲ್ಲ. ಒಳ್ಳೆಯ ಮನುಷ್ಯರೇ, ದೂರುವಂಥದ್ದು ಏನಿಲ್ಲ. ಆದರೂ ತಿಂಗಳ ಕೊನೆ ಬಂತೆಂದರೆ ನನ್ನ ಕೈ ತಾನಾಗಿ ಕುತ್ತಿಗೆಯ ಹಿಂದಕ್ಕೆ ಹೋಗುತ್ತದೆ. ಗಂಟು ಇದ್ದಲ್ಲೇ ಇರುತ್ತದೆ. ಆಗ ನಮ್ಮೂರು ನೆನಪಾಗಿ, ಯಾಕೋ ಅಳು ಬಂದಂತಾಗುತ್ತದೆ.

ನಮ್ಮೂರು ಇಲ್ಲಿಂದ ಎಷ್ಟು ದೂರ ಎಂದು ಕೇಳಬೇಡಿ, ನನಗೆ ಹೇಳಲು ಬರುವುದಿಲ್ಲ. ಹೊಳೆ ದಾಟಿ ಕುರುಚಲು ಗುಡ್ಡ ಹತ್ತಿ ಇಳಿದರೆ ಮೊದಲು ಕಾಣುತ್ತಿದ್ದುದು ಅಣುಸ್ಥಾವರದ ಬಿಳಿ ಗುಮ್ಮಟ. ಅದರ ಮಗ್ಗುಲಲ್ಲಿ ಊರು. ನಾವು ಅದನ್ನು ಸ್ಥಾವರ ಅನ್ನುತ್ತಿರಲಿಲ್ಲ, ದೊಡ್ಡಮನೆ ಅನ್ನುತ್ತಿದ್ದೆವು. ಊರಿನ ಅರ್ಧದಷ್ಟು ಗಂಡಸರಿಗೆ ಅಲ್ಲೇ ಕೆಲಸ. ತಿಂಗಳಿಗೊಂದು ಸಲ ದೊಡ್ಡಮನೆಯವರು ಬೇಕೆಂದೇ ಅದನ್ನು ನಿಲ್ಲಿಸಿ ನೋಡುತ್ತಿದ್ದರು. ನಿಲ್ಲಬೇಕಾದ ದಿನ ನಿಲ್ಲುತ್ತದೋ ಇಲ್ಲವೋ ಎಂಬ ಪರೀಕ್ಷೆ. ಅದಕ್ಕೆ ಟ್ರಿಪ್ಪು ಎಂದು ಹೆಸರು. ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಸೈರನ್ ಕೂಗುತ್ತಿತ್ತು. ಒಳಗೆ ಕರೆಂಟು ಕಡಿಯುವ ಬ್ರೇಕರ್ ಟಪ್ಪೆಂದು ಬಿಟ್ಟುಕೊಳ್ಳುತ್ತಿತ್ತು. ಊರಿನ ಕರೆಂಟು ಹೋಗುತ್ತಿತ್ತು. ಅದೇ ಗಳಿಗೆಗೆ ಊರಿನಲ್ಲಿದ್ದ ಗಂಟುಗಳೆಲ್ಲ ಬಿಚ್ಚಿಕೊಳ್ಳುತ್ತಿದ್ದವು.

ಹೊರಗಿನವರಿಗೆ ಇದನ್ನು ಹೇಳಿದರೆ ಮೂಗಿನ ಮೇಲೆ ಬೆರಳಿಡುತ್ತಾರೆ. ನಮಗೆ ಅದು ಸಂತೆಯ ದಿನ ಇದ್ದ ಹಾಗೆ, ಬರುತ್ತಿತ್ತು, ಹೋಗುತ್ತಿತ್ತು. ಟ್ರಿಪ್ಪಿನ ದಿನ ಕೂಸುಗಳನ್ನು ತೊಟ್ಟಿಲಿನಿಂದ ತೆಗೆದು ಚಾಪೆಯ ಮೇಲೆ ಮಲಗಿಸುತ್ತಿದ್ದೆವು. ದನಗಳನ್ನು ದೊಡ್ಡಿಗೆ ಕೂಡಿ ಅಗಳಿ ಹಾಕುತ್ತಿದ್ದೆವು. ಬಾವಿಯಿಂದ ಬೆಳಗ್ಗೆಯೇ ನೀರು ಸೇದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹಗ್ಗ ಕೈಯಲ್ಲಿ, ಬಿಂದಿಗೆ ಬಾವಿಯಲ್ಲಿ. ಹೂವಿನ ದುಂಡಮ್ಮ ಆವತ್ತು ಮಾಲೆ ಕಟ್ಟದೆ ಬಿಡಿಹೂವನ್ನು ಎಲೆಯಲ್ಲಿ ಅಳೆದು ಮಾರುತ್ತಿದ್ದಳು. ಪೈಜಾಮದ ಗಂಡಸರೆಲ್ಲ ಪಂಚೆಗೆ ಇಳಿಯುತ್ತಿದ್ದರು. ಹೊಸದಾಗಿ ಬಂದ ಪೋಸ್ಟ್ ಮಾಸ್ಟರೊಬ್ಬರು ಯಾರ ಮಾತೂ ಕೇಳದೆ ಲಾಡಿ ಬಿಗಿದುಕೊಂಡು ಪೇಟೆಬೀದಿಗೆ ಹೊರಟರು. ಪಾಪ, ಆಮೇಲೆ ಹೆಚ್ಚು ದಿನ ಊರಿನಲ್ಲಿ ನಿಲ್ಲಲಿಲ್ಲ, ವರ್ಗ ಮಾಡಿಸಿಕೊಂಡು ಹೋದರು.

ತಾಳಿಯ ದಾರಕ್ಕೂ ಅದೇ ಗತಿ. ಸೈರನ್ ಕೂಗಿದೊಡನೆ ಊರಿನ ಹೆಂಗಸರ ಕುತ್ತಿಗೆಯಿಂದ ತಾಳಿ ಜಾರಿ ಮಡಿಲಿಗೆ ಬೀಳುತ್ತಿತ್ತು. ಸಂಜೆ ದೀಪ ಹಚ್ಚುವುದರೊಳಗೆ ಗಂಡನಾದವನು ಬಂದು ಮತ್ತೆ ಕಟ್ಟಬೇಕು. ಕಟ್ಟಿಸಿಕೊಂಡರೆ ಇನ್ನೊಂದು ತಿಂಗಳ ಸಂಸಾರ. ಬೇಡವಾದರೆ ಹೆಂಗಸು ತಾಳಿಯನ್ನು ತಟ್ಟೆಯಲ್ಲಿಟ್ಟು ಹೊಸಿಲ ಮೇಲಿಟ್ಟರೆ ಮುಗಿಯಿತು, ಯಾರೂ ಯಾಕೆಂದು ಕೇಳುವಂತಿರಲಿಲ್ಲ. ಹಾಗೆ ಇಟ್ಟವರು ಕಡಿಮೆ. ಆದರೆ ಇಡಬಹುದಿತ್ತು. ಅದಕ್ಕೇ ಇರಬೇಕು, ತಿಂಗಳ ಕೊನೆಯ ವಾರ ನಮ್ಮೂರ ಗಂಡಸರ ನಡತೆ ನೋಡುವ ಹಾಗಿರುತ್ತಿತ್ತು. ಸೌದೆ ಒಡೆಯುವವರೇನು, ಸಿನಿಮಾಕ್ಕೆ ಕರೆದೊಯ್ಯುವವರೇನು! ಕುಡಿಯುವವರೂ ಆ ವಾರ ಮಜ್ಜಿಗೆ ಕುಡಿಯುತ್ತಿದ್ದರು.

ಡ್ಯೂಟಿಯ ಮೇಲಿದ್ದು ಬರಲಾಗದ ಗಂಡಸರಿಗೆ ಒಂದು ವಿನಾಯಿತಿ ಇತ್ತು. ಅಂಥವರ ಪರವಾಗಿ ಅವರ ಅಕ್ಕನೋ ತಂಗಿಯೋ ಕಟ್ಟಬಹುದು. ಮದುವೆಯಲ್ಲಿ ಮೊದಲ ಗಂಟನ್ನು ಗಂಡು ಹಾಕಿದರೆ ಉಳಿದೆರಡನ್ನು ನಾದಿನಿ ಹಾಕುವುದಿಲ್ಲವೇ, ಅದನ್ನೇ ಹಿರಿಯರು ಸ್ವಲ್ಪ ಹಿಗ್ಗಿಸಿದ್ದರು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ನನ್ನ ಅಣ್ಣ ಬೋರಲಿಂಗ ದೊಡ್ಡಮನೆಯಲ್ಲಿ ಆ ಬ್ರೇಕರನ್ನೇ ನೋಡಿಕೊಳ್ಳುವ ಮೆಕ್ಯಾನಿಕ್ಕು. ಟ್ರಿಪ್ಪಿನ ದಿನ ಬ್ರೇಕರ್ ಬಿಟ್ಟ ಮೇಲೆ ಅದನ್ನು ಪರೀಕ್ಷಿಸಿ ಮತ್ತೆ ಹಾಕುವವರೆಗೂ ಅವನು ಅದರ ಮುಂದೆಯೇ ಇರಬೇಕೆಂಬುದು ರೂಲ್ಸು. ಅಷ್ಟರಲ್ಲಿ ಊರಿನಲ್ಲಿ ದೀಪ ಹಚ್ಚಿ ಬಹಳ ಹೊತ್ತಾಗಿರುತ್ತಿತ್ತು. ಊರಿನ ಗಂಟನ್ನೆಲ್ಲ ಬಿಚ್ಚಿಸುವವನಿಗೆ ತನ್ನ ಮನೆಯ ಗಂಟು ಕಟ್ಟಲು ಬಿಡುವಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಇದಕ್ಕೇ.

ಅತ್ತಿಗೆ ಸುಲೋಚನ ಹೊರಗಿನ ಊರಿನವಳು. ಮದುವೆಯಾಗಿ ಬಂದ ಮೊದಲ ತಿಂಗಳು ತಾಳಿ ಜಾರಿ ಬಿದ್ದಾಗ, ಅಪಶಕುನವೆಂದು ಗೋಡೆಗೆ ತಲೆ ಚಚ್ಚಿಕೊಂಡು ಅತ್ತಿದ್ದಳು. ಅವ್ವ ಬೆಲ್ಲದ ಪಾನಕ ಕೊಟ್ಟು ಸಮಾಧಾನ ಮಾಡಿದಳು. ನಾನು ಆಗಿನ್ನೂ ಲಂಗದ ಹುಡುಗಿ. ಅವಳ ಜಡೆಯನ್ನು ಪಕ್ಕಕ್ಕೆ ಸರಿಸಿ ದಾರ ಕಟ್ಟಿದೆ. ಅವಳ ಕುತ್ತಿಗೆ ಅಳುವಿನಲ್ಲಿ ಬಿಸಿಯಾಗಿತ್ತು. ಆವತ್ತಿನಿಂದ ತಿಂಗಳು ತಿಂಗಳೂ ನಾನೇ ಕಟ್ಟಿದೆ. ಕಟ್ಟುವಾಗ ಅವಳಿಗೆ ಕಚಗುಳಿಯಾಗಿ ನಗುತ್ತಿದ್ದಳು, ಇಬ್ಬರೂ ನಗುತ್ತಿದ್ದೆವು. ಒಡಹುಟ್ಟಿದವಳಿಲ್ಲದ ನನಗೆ ಅವಳು ಅಕ್ಕನಾದಳು. ನಿಜ ಹೇಳಬೇಕೆಂದರೆ, ಟ್ರಿಪ್ಪಿನ ದಿನವನ್ನು ನಾನು ಕಾಯುತ್ತಿದ್ದೆ.

ಅಣ್ಣ ಕೆಟ್ಟವನಲ್ಲ. ಆದರೆ ಅವನ ಮಾತೆಲ್ಲ ಬ್ರೇಕರಿನದೇ. ಊಟಕ್ಕೆ ಕೂತರೂ ನನ್ನ ಮುಂದೆ ಅದೇ ಕಥೆ. "ಒಳಗೊಂದು ಕಾಯಿಲ್ ಅದೆ, ನೀಲು. ಅದು ಕರೆಂಟ್ ಇರೋವರ್ಗೂ ಕೊಕ್ಕೇನ ಹಿಡ್ಕೊಂಡಿರ್ತದೆ. ಕರೆಂಟ್ ಕಡಿದ ತಕ್ಷಣ ಸ್ಪ್ರಿಂಗ್ ಎಳೆದು ಕೊಕ್ಕೆ ಬಿಟ್ಬಿಡ್ಬೇಕು. ಆಗ ಕಂಬಿಗಳು ಕೆಳಕ್ ಬಿದ್ದು ಒಳಗಿನ ಬೆಂಕಿ ತಣ್ಣಗಾಗ್ತದೆ. ಹಿಡ್ಕೊಳೋದು ಯಾವ ಮಹಾ ವಿದ್ಯೆ? ಬಿಡಬೇಕಾದಾಗ ಬಿಡೋದೇ ಕಷ್ಟ," ಅನ್ನುತ್ತಿದ್ದ. ಅತ್ತಿಗೆ ಮುದ್ದೆ ಬಡಿಸಿ ಸುಮ್ಮನೆ ನಿಂತಿರುತ್ತಿದ್ದಳು. ಅವನು ಸಾರು ಹೇಗಿದೆ ಎಂದೂ ಹೇಳುತ್ತಿರಲಿಲ್ಲ.

ಒಂದು ತಿಂಗಳ ಕೊನೆಯಲ್ಲಿ ಅತ್ತಿಗೆ ಜಗುಲಿಯ ಮೇಲೆ ರಾಗಿ ಕೇರುತ್ತ ಕೂತಿದ್ದಳು. ನಾನು ಕಲ್ಲು ಆರಿಸುತ್ತಿದ್ದೆ. ಮೊರ ಕೆಳಗಿಟ್ಟು ಹೇಳಿದಳು, "ನೀಲು, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ. ಈ ಸಲ ನೀನು ಕಟ್ಬ್ಯಾಡ."

"ಮತ್ಯಾರ್ ಕಟ್ಟೋದು?"

"ಕಟ್ಬೇಕಾದೋರು ಬಂದ್ ಕಟ್ಲಿ."

"ಅಣ್ಣಂಗೆ ಡ್ಯೂಟಿ ಇರ್ತದಲ್ಲ ಅತ್ತಿಗೆ."

"ಇರ್ಲಿ. ಬರ್ದಿದ್ರೆ ಬ್ಯಾಡ. ತಾಳಿ ತಟ್ಟೇಲಿಟ್ಟು ಸಂಜೆ ಬಸ್ಸಿಗೆ ನಮ್ಮೂರಿಗೆ ಹೋಗ್ತೀನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ಇಷ್ಟ್ ವರ್ಷದಿಂದ ನನ್ನ ಮದುವೆ ಆಗ್ತಿರೋಳು ನೀನು ಕಣೆ, ನಿಮ್ಮಣ್ಣ ಅಲ್ಲ. ನಾನು ಬೇಕೋ ಬ್ಯಾಡ್ವೋ ಅಂತ ಅವರೊಂದ್ ಸಲನಾದ್ರೂ ಬಂದು ನಿಂತು ತೋರಿಸ್ಬ್ಯಾಡ್ವ? ಬೇರೆ ಹೆಂಗಸ್ರ ಮನೆ ಬಾಗ್ಲಲ್ಲಿ ಗಂಡಂದ್ರು ದಾರ ಹಿಡ್ಕೊಂಡು ಕಾಯ್ತಿರ್ತಾರೆ. ನನ್ನ ಬಾಗ್ಲಲ್ಲಿ ನೀನು."

ಅವಳಿಲ್ಲದ ಆ ಮನೆಯನ್ನು ನೆನೆಸಿಕೊಳ್ಳಲೂ ನನ್ನಿಂದಾಗಲಿಲ್ಲ. ಅಣ್ಣ ಬಂದ ಕೂಡಲೇ ಹಿತ್ತಿಲಿಗೆ ಕರೆದು ಎಲ್ಲವನ್ನೂ ಹೇಳಿದೆ. ಕೈ ತೊಳೆಯುತ್ತಿದ್ದವನು ಚೊಂಬಿನ ನೀರು ಮುಗಿದರೂ ಕೈ ಉಜ್ಜುತ್ತಲೇ ಇದ್ದ.

"ರಜಾ ಕೇಳಣ್ಣ," ಎಂದೆ.

"ಟ್ರಿಪ್ಪಿನ್ ದಿನ ನಂಗೆ ರಜಾನಾ? ಆ ಕೊಕ್ಕೆ ಹದ ಬೇರೆ ಯಾರಿಗ್ ಗೊತ್ತು?"

"ನಿನ್ ಹೆಂಡ್ತಿ ಹದ ಗೊತ್ತಾ ನಿಂಗೆ?"

ಅವನು ಖಾಲಿ ಚೊಂಬು ಎತ್ತಿಕೊಂಡು ಒಳಗೆ ಹೋದ. ಮಾರನೆಯ ದಿನ ಬೆಳಗ್ಗೆ ಅವ್ವ ಹರಳೆಣ್ಣೆಯ ಸೀಸೆ ಕಾಣುತ್ತಿಲ್ಲವೆಂದು ಮನೆಯೆಲ್ಲ ಹುಡುಕಿದಳು. ಅಣ್ಣ ಅದನ್ನು ಊಟದ ಡಬ್ಬಿಯ ಜೊತೆ ದೊಡ್ಡಮನೆಗೆ ಒಯ್ದಿದ್ದ. ಹರಳೆಣ್ಣೆ ಸವರಿದರೆ ಕೊಕ್ಕೆ ಅಂಟಿಕೊಂಡು, ಬ್ರೇಕರ್ ಬಿಡದೆ, ಗಂಟು ಬಿಚ್ಚದೆ, ಸುಲೋಚನ ಇದ್ದಲ್ಲೇ ಇರುತ್ತಾಳೆ ಎಂದು ಅವನ ಲೆಕ್ಕ. ಅಷ್ಟು ದೊಡ್ಡ ಯಂತ್ರದ ಮರ್ಮ ಗೊತ್ತಿದ್ದವನಿಗೆ ಮನೆಯ ಬಾಗಿಲಿಗೆ ಬಂದು ನಿಲ್ಲುವುದು ಗೊತ್ತಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಟ್ರಿಪ್ಪಿನ ದಿನ ಬಂತು. ಅತ್ತಿಗೆ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಎರಡು ಸೀರೆ, ಒಂದು ಕನ್ನಡಿ ಚೀಲಕ್ಕೆ ಹಾಕಿ ಜಗುಲಿಯ ಮೂಲೆಯಲ್ಲಿಟ್ಟಳು. ಅವ್ವನಿಗೆ ಕಂಡೂ ಕಾಣದ ಹಾಗೆ ಇಟ್ಟಿದ್ದಳು. ಊಟವಾಯಿತು. ಬೀದಿಯ ಹೆಂಗಸರೆಲ್ಲ ಮಡಿಲು ಹರಡಿಕೊಂಡು ತಂತಮ್ಮ ಬಾಗಿಲಲ್ಲಿ ಕೂತರು. ಸೈರನ್ ಕೂಗಿತು.

ಏನೂ ಬಿಚ್ಚಲಿಲ್ಲ.

ಒಬ್ಬರ ಮುಖ ಒಬ್ಬರು ನೋಡಿದೆವು. ಎದುರುಮನೆಯವಳು ದಾರವನ್ನು ಎಳೆದು ನೋಡಿಕೊಂಡಳು. ಕರೆಂಟೂ ಹೋಗಿರಲಿಲ್ಲ, ಪಕ್ಕದ ಮನೆಯ ರೇಡಿಯೋ ಕೃಷಿ ಸಮಾಚಾರ ಹೇಳುತ್ತಲೇ ಇತ್ತು. ಮೊದಲು ಯಾರೋ ನಕ್ಕರು. "ದೇವ್ರು ಕಣ್ಬಿಟ್ಟ ಬುಡು, ಈ ತಿಂಗ್ಳು ದಾರ ಉಳೀತು," ಎಂದು ಅವ್ವ ಕೈ ಮುಗಿದಳು. ಸೈರನ್ ಮಾತ್ರ ನಿಲ್ಲಲಿಲ್ಲ. ಸಾಮಾನ್ಯವಾಗಿ ಎರಡು ಸಲ ಕೂಗಿ ಸುಮ್ಮನಾಗುತ್ತಿದ್ದುದು ಕೂಗುತ್ತಲೇ ಹೋಯಿತು. ಬೀದಿಯ ನಗು ನಿಂತಿತು. ದನಗಳು ದೊಡ್ಡಿಯಲ್ಲಿ ಒದ್ದಾಡತೊಡಗಿದವು.

ಅತ್ತಿಗೆ ಕುತ್ತಿಗೆ ಮುಟ್ಟಿಕೊಂಡು ಎದ್ದು ನಿಂತಳು. "ನೀಲು, ಗಂಟು ಬಿಚ್ಲಿಲ್ಲ ಅಂದ್ರೆ ಅಲ್ಲಿ ಬ್ರೇಕರ್ ಬಿಟ್ಟಿಲ್ಲ. ನಿಮ್ಮಣ್ಣ ಅದರ ಮುಂದೇನೇ ನಿಂತವ್ರೆ ಕಣೆ!" ಎಂದಳು. ಅವನ ಊಟದ ಹೊತ್ತಿನ ಕಥೆಗಳನ್ನು ಅವಳು ಒಂದೂ ಬಿಡದೆ ಕೇಳಿಸಿಕೊಂಡಿದ್ದಳೆಂದು ನನಗೆ ಆಗ ಗೊತ್ತಾಯಿತು. ಬರಿಗಾಲಲ್ಲೇ ಬೀದಿಗಿಳಿದು ಗುಮ್ಮಟದ ಕಡೆ ನೋಡುತ್ತ ನಿಂತಳು. ತಾಳಿಯನ್ನು ಎರಡೂ ಕೈಯಲ್ಲಿ ಹಿಡಿದು, "ಬಿಚ್ಕೊ, ಬಿಚ್ಕೊ," ಎಂದು ಗೊಣಗುತ್ತಿದ್ದಳು.

ದೊಡ್ಡಮನೆಯ ಒಳಗೆ ನಡೆದದ್ದನ್ನು ಅಣ್ಣ ಹೇಳಿದ ಹಾಗೆ ಹೇಳುತ್ತೇನೆ. ಅಲ್ಲಿ ಪಕ್ಕಪಕ್ಕದಲ್ಲಿ ಎರಡು ಬ್ರೇಕರ್ ಇದ್ದವು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಎರಡೂ ಬಿಡಲಿಲ್ಲ. ಕಂಟ್ರೋಲ್ ರೂಮಿನಿಂದ ಕುರಿಯನ್ ಸಾಹೇಬರು ಫೋನಿನಲ್ಲಿ ಕಿರುಚಿದರು, "ಬೋರಲಿಂಗ, ಬಿಟ್ಟಿಲ್ಲ! ಕೈಯಲ್ಲಿ ಬಿಡಿಸು!" ಬ್ರೇಕರಿನ ಮುಖದ ಮೇಲೆ ಕೆಂಪು ಗುಂಡಿ ಇರುತ್ತದೆ. ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೆ ಕೊಕ್ಕೆ ಬಿಡಲೇಬೇಕು. ಅಣ್ಣನೊಬ್ಬನೇ ಅಲ್ಲಿದ್ದ. ಗುಂಡಿಯೂ ಜಾಮಾಗಿದೆ ಎಂದುಬಿಟ್ಟಿದ್ದರೆ ಯಾರೂ ಬಂದು ನೋಡುತ್ತಿರಲಿಲ್ಲ. ಪರೀಕ್ಷೆ ತಾನೇ, ಆವತ್ತೇ ಪ್ರಾಣಕ್ಕೆ ಸಂಚಕಾರವಿರಲಿಲ್ಲ. ದೊಡ್ಡಮನೆ ಸಂಜೆಯವರೆಗೆ ನಡೆದುಕೊಂಡೇ ಹೋಗುತ್ತಿತ್ತು, ಬಸ್ಸೂ ಹೋಗಿಬಿಡುತ್ತಿತ್ತು.

"ಒಂದ್ ಗಳಿಗೆ ನಿಂತ್ಬಿಟ್ಟೆ ನೀಲು," ಎಂದು ಅವನು ನನಗೆ ಹೇಳುವಾಗ ತಲೆ ಎತ್ತಿರಲಿಲ್ಲ. "ಒತ್ತಿದ್ರೆ ಅವಳು ಹೋಗ್ತಾಳೆ. ಒತ್ತದಿದ್ರೆ, ಪರೀಕ್ಷೇಲೇ ಬಿಡದ ಕೊಕ್ಕೆ ನಾಳೆ ನಿಜವಾಗಿ ಬೇಕಾದ್ ದಿನ ಬಿಡ್ತದಾ? ಅವಳು ಇರೋದೂ ಇದೇ ಊರಲ್ಲಿ ತಾನೆ, ಇದೇ ಗುಮ್ಮಟದ್ ಪಕ್ಕ. ಅವಳನ್ನ ಉಳಿಸ್ಕೊಳೋಕೆ ಅವಳ ತಲೆ ಮೇಲೇ ಕಲ್ಲಿಟ್ಟಿದ್ದೆ ಕಣವ್ವ. ಹೆಬ್ಬೆಟ್ಟು ಇಟ್ಟು ಒತ್ತಿದೆ."

ಬೀದಿಯಲ್ಲಿ ನಮಗೆ ಕಂಡದ್ದಿಷ್ಟು. ರೇಡಿಯೋ ನಡುಮಾತಿನಲ್ಲಿ ನಿಂತಿತು. ಎದುರುಮನೆಯವಳ ಹುಲ್ಲಿನ ಹೊರೆ ಸಡಿಲಾಗಿ ಹರಡಿಕೊಂಡಿತು. ಅತ್ತಿಗೆಯ ತಾಳಿ ಅವಳ ಕೈಗೇ ಜಾರಿ ಬಂತು. "ಬಿಡ್ತು!" ಎಂದು ಕೂಗಿ ನನ್ನನ್ನು ತಬ್ಬಿಕೊಂಡಳು. ಬೀದಿಯ ಜನರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಆಮೇಲೆ ಅವಳಿಗೆ ತನ್ನ ಚೀಲ ನೆನಪಾಯಿತು. ಒಳಗೆ ಹೋಗಿ ಹಿತ್ತಾಳೆಯ ತಟ್ಟೆ ತಂದಳು, ತಾಳಿಯನ್ನು ಅದರಲ್ಲಿಟ್ಟಳು, ತಟ್ಟೆಯನ್ನು ಹೊಸಿಲ ಮೇಲಿಟ್ಟು ಚೀಲವನ್ನು ಪಕ್ಕಕ್ಕೆಳೆದುಕೊಂಡು ಕೂತಳು.

ಅವ್ವನಿಗೆ ಆಗ ವಿಷಯ ತಿಳಿಯಿತು. ಬೈದಳು, ಅತ್ತಳು, ಕೊನೆಗೆ ನೀತಿ ಹೇಳಿದಳು. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬಂದಾತಾ ಸುಲೋಚನ? ನೀಲು ಕಟ್ಲಿ ಬುಡು. ಇಷ್ಟ್ ದಿನ ಕಟ್ಟಿಲ್ವ?"

"ನಂಗೆ ಕೋಪ ಇಲ್ಲ ಅತ್ತೆ. ಕೋಪ ಇದ್ದಿದ್ರೆ ಯಾವತ್ತೋ ಹೋಗ್ತಿದ್ದೆ."

ಹೊತ್ತು ಇಳಿಯಿತು. ಒಂದೊಂದೇ ಮನೆಗೆ ಗಂಡಸರು ಬಂದು ಕೈಕಾಲು ತೊಳೆದು ದಾರ ಕಟ್ಟಿದರು. ಒಂದೊಂದೇ ಮನೆಯಲ್ಲಿ ದೀಪ ಹತ್ತಿತು. ಕರೆಂಟಿಲ್ಲದ ಬೀದಿಯಲ್ಲಿ ಸಾಲಾಗಿ ಹಣತೆಗಳು. ಆ ಚೆಂದವನ್ನು ಈಗ ಯಾವ ಊರಿನಲ್ಲೂ ಕಾಣೆ. ನಮ್ಮ ಮನೆಯಲ್ಲಿ ಮಾತ್ರ ಅತ್ತಿಗೆ ದೀಪಕ್ಕೆ ಎಣ್ಣೆ ಹೊಯ್ದು, ಬತ್ತಿ ಹೊಸೆದಿಟ್ಟು, ಬೆಂಕಿಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಅವ್ವ ಕೇಳಿದರೆ, "ಹಚ್ತೀನಿ ಇರಿ," ಅನ್ನುತ್ತಿದ್ದಳು. ನಾನು ಬೀದಿಯ ತುದಿಯನ್ನೇ ನೋಡುತ್ತಿದ್ದೆ. ಬಾರೋ ಅಣ್ಣ, ಬಾರೋ ಮುಟ್ಠಾಳ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಅತ್ತ ದೊಡ್ಡಮನೆಯಲ್ಲಿ ಬ್ರೇಕರಿನ ಮುಚ್ಚಳ ತೆಗೆಸಿದ್ದರು. ಸುತ್ತ ಜನ ಸೇರಿದ್ದರು. ಅಣ್ಣ ಯಾರೂ ಕೇಳುವ ಮೊದಲೇ, "ಹರಳೆಣ್ಣೆ ನಾನೇ ಹಚ್ಚಿದ್ದು ಸಾರ್," ಎಂದ. ಕುರಿಯನ್ ಸಾಹೇಬರು ಕೊಕ್ಕೆಯನ್ನು ಬಟ್ಟೆಯಿಂದ ಒರೆಸಿ ಮೂಸಿ ನೋಡಿದರು. ಹರಳೆಣ್ಣೆ ಇತ್ತು. ಆದರೆ ಅದು ಮೇಲಿನ ಪದರ ಮಾತ್ರ. ಅದರ ಕೆಳಗೆ ಗಟ್ಟಿಯಾದ ತುಪ್ಪ, ಅದರ ಕೆಳಗೆ ಗಂಧ, ಅದರ ಕೆಳಗೆ ವಿಭೂತಿ. ಸೂಪರ್‌ವೈಸರ್ ಮಾಯಿಗಯ್ಯ ಮೊದಲು ಬಾಯಿಬಿಟ್ಟರು, ತುಪ್ಪ ಅವರದು. ಆಮೇಲೆ ಗಂಧ ಒಪ್ಪಿಕೊಂಡಿತು, ವಿಭೂತಿ ಒಪ್ಪಿಕೊಂಡಿತು. ಎಷ್ಟೋ ವರ್ಷದಿಂದ, ಹೆಂಡತಿಯ ಜೊತೆ ಜಗಳವಾದ ತಿಂಗಳು ಒಬ್ಬೊಬ್ಬರೂ ಕದ್ದು ಬಂದು, 'ಈ ಸಲ ಒಂದು ಬಿಚ್ಚದಿರಲಪ್ಪ' ಎಂದು ಬೇಡಿಕೊಂಡು ಒಂದೊಂದು ಬೊಟ್ಟು ಇಟ್ಟು ಹೋಗಿದ್ದರು. ಪಕ್ಷಪಾತವಾಗಬಾರದೆಂದು ಎರಡೂ ಬ್ರೇಕರಿಗೆ ಇಟ್ಟಿದ್ದರು. ಪ್ರತಿಯೊಬ್ಬನೂ ತಾನೊಬ್ಬನೇ ಎಂದುಕೊಂಡಿದ್ದ. ಹತ್ತಾಳಿನ ಹುಲ್ಲುಕಡ್ಡಿ ಒಬ್ಬಾಳಿನ ತಲೆಹೊರೆ ಅನ್ನುತ್ತಾರಲ್ಲ, ಹಾಗಾಗಿತ್ತು. ಎಲ್ಲಕ್ಕಿಂತ ಕೆಳಗೆ ತೆಂಗಿನೆಣ್ಣೆಯ ವಾಸನೆ ಬಂದಾಗ ಮಾತ್ರ ಯಾರೂ ಒಪ್ಪಿಕೊಳ್ಳಲಿಲ್ಲ. ಕುರಿಯನ್ ಸಾಹೇಬರು ಯಾಕೋ ಕೆಮ್ಮಿ, ಬಟ್ಟೆಯನ್ನು ಜೇಬಿಗೆ ಹಾಕಿಕೊಂಡರು.

ಕೊಕ್ಕೆಯನ್ನು ಬಿಚ್ಚಿ ತೊಳೆದು ಒಣಗಿಸದೆ ಬ್ರೇಕರನ್ನು ಮತ್ತೆ ಹಾಕುವಂತಿರಲಿಲ್ಲ. ಅದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಅಂದರೆ ಆವತ್ತು ಅಣ್ಣ ಕಾಯಬೇಕಾದದ್ದು ಏನೂ ಇರಲಿಲ್ಲ. "ಮನೆಗೆ ಹೋಗು. ಮುಂದಿನದು ಆಮೇಲೆ ನೋಡೋಣ," ಎಂದರು ಸಾಹೇಬರು. ಅವನು ಓಡಿದ.

ಬೀದಿಯ ತುದಿಯಲ್ಲಿ ಅವನು ಕಂಡಾಗ ನಾನು ಕೂಗಿಯೇಬಿಟ್ಟೆ. ಅಂಗಿಯೆಲ್ಲ ಬೆವರು, ಕೈಯೆಲ್ಲ ಮಸಿ. ಹೊಸಿಲ ಮೇಲಿನ ತಟ್ಟೆಯನ್ನೂ ಅತ್ತಿಗೆಯ ಚೀಲವನ್ನೂ ಕತ್ತಲ ಮನೆಯನ್ನೂ ನೋಡಿ ಅಲ್ಲೇ ನಿಂತ. ಏದುಸಿರಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟ, ಎಣ್ಣೆ ಹಚ್ಚಿದ್ದು, ಬೆರಳು ನಿಂತದ್ದು, ಒತ್ತಿದ್ದು. ಅವನು ಬ್ರೇಕರನ್ನು ಬಿಟ್ಟು ತನ್ನ ವಿಷಯ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮಾತು ಮುಗಿಸಿ ತಟ್ಟೆಯಿಂದ ದಾರ ತೆಗೆದುಕೊಳ್ಳಲು ಬಗ್ಗಿದ.

ಅತ್ತಿಗೆ ತಟ್ಟೆಯ ಮೇಲೆ ಕೈಯಿಟ್ಟಳು. "ಬಂದು ಕಟ್ಟಿ ಅಂದ್ರೆ, ಬಿಚ್ಚದಂಗೆ ಮಾಡೋಕ್ ಹೋದ್ರಾ?" ಎಂದಳು. "ಬಿಚ್ಚದೇ ಇದ್ದಿದ್ರೆ ನಾನು ಇದ್ದೀನೋ, ಸಿಕ್ಕಾಕ್ಕೊಂಡಿದ್ದೀನೋ ಅಂತ ನಿಮಗ್ ಹೆಂಗ್ರೀ ಗೊತ್ತಾಗ್ತಿತ್ತು?"

ಅಣ್ಣ ಬಗ್ಗಿದವನು ಬಗ್ಗಿದ ಹಾಗೇ ಇದ್ದ. ಆಮೇಲೆ ಮೆಲ್ಲಗೆ, "ಗೊತ್ತಾಗ್ತಿರ್ಲಿಲ್ಲ," ಎಂದ. ಸಂಜೆಯ ಬಸ್ಸು ಅರಳಿಕಟ್ಟೆಯ ಹತ್ತಿರ ಬಂದು ಹಾರನ್ ಮಾಡಿತು. ಎರಡು ಸಲ, ಮೂರು ಸಲ. ಅತ್ತಿಗೆ ಚೀಲದ ಹಿಡಿಕೆಯನ್ನು ಹಿಡಿದಳು. ಅಣ್ಣ ಅವಳನ್ನು ತಡೆಯಲಿಲ್ಲ, ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅವಳು ಸರಿದು ನಿಂತ ಅವನನ್ನು ಬಹಳ ಹೊತ್ತು ನೋಡಿದಳು. ಬಸ್ಸು ಹೊರಟ ಸದ್ದು ಕೇಳಿತು. ಆಗ ಅವಳು ಕಡ್ಡಿ ಗೀರಿ ದೀಪ ಹಚ್ಚಿದಳು.

"ಇವತ್ತು ಬ್ಯಾಡ," ಎಂದಳು. "ಮುಂದಿನ್ ಟ್ರಿಪ್ಪಿನವರ್ಗೂ ಈ ಮನೇಲಿ ನಂಟರ ಥರ ಇರ್ತೀನಿ. ಆಮೇಲ್ ನೋಡಣ."

ಆ ಒಂದು ತಿಂಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅತ್ತಿಗೆ ಬರಿಕುತ್ತಿಗೆಯಲ್ಲಿ ಓಡಾಡಿದಳು, ನನ್ನ ಜೊತೆ ಒಂದೇ ಚಾಪೆಯಲ್ಲಿ ಮಲಗಿದಳು. ಬೀದಿಯ ಹೆಂಗಸರು ಬಾವಿಕಟ್ಟೆಯಲ್ಲಿ ಗುಸುಗುಸು ಮಾಡಿದರು. ಅವ್ವ ನಾಚಿಕೆಗೆ ದುಂಡಮ್ಮನ ಹತ್ತಿರ ಹೂವು ಕೊಳ್ಳಲೂ ಹೋಗಲಿಲ್ಲ. ದೊಡ್ಡಮನೆಯಲ್ಲಿ ಗೇಟಿನಲ್ಲೇ ಊಟದ ಡಬ್ಬಿ ತೆಗೆಸಿ ನೋಡತೊಡಗಿದರು. ಉಪ್ಪಿನಕಾಯಿಯ ಎಣ್ಣೆಗೂ ಪ್ರವೇಶವಿರಲಿಲ್ಲ. ಮಾಯಿಗಯ್ಯ ತಿಂಗಳಿಡೀ ಸಪ್ಪೆ ಮೊಸರನ್ನ ತಿಂದರಂತೆ. ಅಣ್ಣನನ್ನು ಬ್ರೇಕರ್ ಕೋಣೆಯಿಂದ ತೆಗೆದು ನರ್ಸರಿಯ ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ಹಾಕಿದರು. ಮೊದಲ ವಾರ ಅವನು ಉಣ್ಣಲಿಲ್ಲ, ಕೊಕ್ಕೆಯನ್ನು ನೆನೆದು ಒದ್ದಾಡಿದ. ಅವನಿಗೆ ಅದು ನಿಜವಾದ ದುಃಖ, ನಾನು ತಮಾಷೆ ಮಾಡುತ್ತಿಲ್ಲ.

ಆದರೆ ನಂಟರು ಮನೆಯಲ್ಲಿದ್ದಾಗ ಮಾತಾಡಿಸದೆ ಇರಲು ಆಗುತ್ತದೆಯೇ? ಎರಡನೆಯ ವಾರ ಒಂದು ಸಂಜೆ ಅಣ್ಣ ಊಟಕ್ಕೆ ಕೂತವನು, "ಸಾರು ಚೆನ್ನಾಗದೆ," ಎಂದ. ಅತ್ತಿಗೆಯ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು. ಮಾರನೆಯ ದಿನ ನರ್ಸರಿಯಿಂದ ಒಂದು ಕನಕಾಂಬರದ ಸಸಿ ತಂದು, ಎಲ್ಲಿ ನೆಡಲಿ ಎಂದು ಅವಳನ್ನು ಕೇಳಿದ. ಅವಳು ತೋರಿಸಿದ ಜಾಗದಲ್ಲಿ ಗುಂಡಿ ತೆಗೆದ. ಅದು ಸರಿಯಿಲ್ಲವೆಂದು ಅವಳು ಇನ್ನೊಂದು ಜಾಗ ತೋರಿಸಿದಳು, ಅಲ್ಲೂ ತೆಗೆದ. ಹಿತ್ತಿಲೆಲ್ಲ ಹೆಗ್ಗಣ ಹೊಕ್ಕ ಹಾಗಾಯಿತು, ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳಿಗೆ ತವರಿನ ಹೊಳೆಯ ಮೀನು ಇಷ್ಟವೆಂದು, ಕತ್ತಲೆಂದರೆ ಹೆದರಿಕೆಯೆಂದು, ಓದಬೇಕೆಂಬ ಆಸೆಯಿತ್ತೆಂದು ಅಣ್ಣನಿಗೆ ಗೊತ್ತಾದದ್ದು ಆ ತಿಂಗಳಿನಲ್ಲಿ. ನನಗೆ ಇವೆಲ್ಲ ಮೊದಲೇ ಗೊತ್ತಿತ್ತು. ಆದರೂ ಅವನು ಕೇಳುವಾಗ ನಾನೂ ಹೊಸದಾಗಿ ಕೇಳಿಸಿಕೊಂಡೆ.

ಮುಂದಿನ ಟ್ರಿಪ್ಪಿನ ದಿನ ಅವನು ಬೆಳಗ್ಗೆಯೇ ಮನೆಯಲ್ಲಿದ್ದ. ಗಿಡಗಳಿಗೆ ನೀರು ಹಾಕುವವನಿಗೆ ರಜಾ ಸಿಗುವುದು ಕಷ್ಟವೇ? ಸ್ನಾನ ಮಾಡಿ, ಹೊಸ ದಾರಕ್ಕೆ ಅರಿಸಿನ ಹಚ್ಚಿ ಒಣಗಿಸಿ, ಬಾಗಿಲಿಗೆ ಒರಗಿಕೊಂಡು ನಿಂತ. ಅತ್ತಿಗೆ ಒಳಗೆ ಕೂತು ನನ್ನಿಂದ ಜಡೆ ಹೆಣೆಸಿಕೊಳ್ಳುತ್ತಿದ್ದಳು. ಏನು ಮಾಡುತ್ತಾಳೆಂದು ನನಗೂ ಹೇಳಿರಲಿಲ್ಲ. ಜಡೆ ಎರಡು ಸಲ ತಪ್ಪಿತು, ಬಿಚ್ಚಿ ಮತ್ತೆ ಹೆಣೆದೆ. ತೊಳೆದು ಹೊಸದು ಮಾಡಿದ ಕೊಕ್ಕೆ ಈ ಸಲ ಹೇಗೋ ಏನೋ ಎಂದು ಊರೇ ಉಸಿರು ಬಿಗಿಹಿಡಿದಿತ್ತು. ಸೈರನ್ ಒಂದು ಸಲ ಕೂಗಿತು, ಎರಡನೆಯದು ಮುಗಿಯುವ ಮೊದಲೇ ಬೀದಿಯ ತಾಳಿಗಳೆಲ್ಲ ಉದುರಿದವು. ಅಣ್ಣ ಗುಮ್ಮಟದ ಕಡೆ ನೋಡಿ, "ಸರಿಯಾಗ್ ಬಿಡ್ತು," ಎಂದು ತನಗೆ ತಾನೇ ಹೇಳಿಕೊಂಡ. ಉದುರಲು ಏನೂ ಇಲ್ಲದಿದ್ದುದು ಅತ್ತಿಗೆಗೆ ಮಾತ್ರ.

ಅವಳು ಎದ್ದು ಬಂದು ಹೊಸಿಲ ಒಳಗೆ ನಿಂತಳು. ಅವನು ಹೊರಗೆ. ಹೊರಗೆ ಬಿಸಿಲಿತ್ತು, ದೀಪದ ಹೊತ್ತಿಗೆ ಇನ್ನೂ ಬೇಕಾದಷ್ಟು ಸಮಯವಿತ್ತು. ಅವಳು ಹಿಂದೆ ತಿರುಗಿ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಕುತ್ತಿಗೆ ಬಗ್ಗಿಸಿದಳು. ಅವ್ವ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟಳು.

ಕೂದಲೆಳೆಯಷ್ಟು ಸಂದಿನಲ್ಲಿ ಕೊಕ್ಕೆ ಕೂರಿಸುತ್ತಿದ್ದ ಬೆರಳುಗಳಿಗೆ ಆ ದಾರ ಒಗ್ಗಲಿಲ್ಲ. ಮದುವೆಯ ದಿನ ಬಿಟ್ಟರೆ ಅವನು ಕಟ್ಟಿದವನೇ ಅಲ್ಲ. ಮೊದಲ ಗಂಟು ಜಾರಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅತ್ತಿಗೆ ತಲೆ ಎತ್ತದೆಯೇ, "ನೀನ್ ಸುಮ್ನಿರು ನೀಲು," ಎಂದಳು. ಹಿಂದಕ್ಕೆಳೆದುಕೊಂಡೆ. ಇನ್ನು ಆ ಕುತ್ತಿಗೆಗೆ ನಾನು ಕಟ್ಟುವುದಿಲ್ಲವೆಂದು ಆಗ ಹೊಳೆಯಿತು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಅದಕ್ಕಿಂತ ಹತ್ತುಪಟ್ಟು ಸಂತೋಷವೂ ಆಯಿತು. ಅಣ್ಣ ತುಟಿ ಕಚ್ಚಿಕೊಂಡು ಒಂದು ಗಂಟು ಹಾಕಿದ, ಎರಡನೆಯದು ಹಾಕಿದ. ಮೂರನೆಯದಕ್ಕೆ ಬಂದಾಗ ಮತ್ತೆ ಜಾರೀತೆಂದು ಹೆದರಿ, ಎರಡೂ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಶಕ್ತಿಯೆಲ್ಲ ಹಾಕಿ ಜಗ್ಗಿದ.

"ಅಷ್ಟ್ ಬಿಗಿ ಬ್ಯಾಡ ಕಣ್ರೀ," ಎಂದಳು ಅತ್ತಿಗೆ. ಅವಳ ಬೆನ್ನು ನಗುವಿನಲ್ಲಿ ಅಲುಗುತ್ತಿತ್ತು. "ಮುಂದಿನ್ ತಿಂಗ್ಳು ಬಿಚ್ಬೇಕಲ್ಲ."

ಅಣ್ಣ ಮೂರನೆಯ ಗಂಟನ್ನು ಬಿಚ್ಚಿ, ಸ್ವಲ್ಪ ಸಡಿಲವಾಗಿ ಮತ್ತೆ ಹಾಕಿದ.